ಕೂಗಿ ಇಳಿಸುವ ಸ್ಟೇಷನ್

ನಮ್ಮೂರ ಸ್ಟೇಷನ್ನಿನಲ್ಲಿ ಯಾರಾದರೂ ಹೆಸರು ಹಿಡಿದು ಕೂಗದ ಹೊರತು ಗಾಡಿಯಿಂದ ಇಳಿಯಲು ಬರುತ್ತಿರಲಿಲ್ಲ. ಟಿಕೀಟು ತೆಗೆಸಿದವರಿಗೂ ಅಷ್ಟೆ, ತಪ್ಪಿಸಿಕೊಂಡು ಬಂದವರಿಗೂ ಅಷ್ಟೆ. ಗಾಡಿ ನಿಂತ ಮೇಲೆ ಬಾಗಿಲಿಗೆ ಬಂದು ನಿಲ್ಲಬಹುದು, ಗಂಟುಮೂಟೆ ಕೆಳಗಿಡಬಹುದು, ಬೇಕಾದರೆ ಬಗ್ಗಿ ಶೇಂಗಾ ಕೊಳ್ಳಬಹುದು. ಆದರೆ ಪ್ಲಾಟ್‌ಫಾರ್ಮಿನ ಮೇಲೆ ನಿಂತವರು ಯಾರಾದರೂ ಹೆಸರು ಕೂಗುವ ತನಕ ಕಾಲು ಮಾತ್ರ ಮೆಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಕೂಗುವವರಿಲ್ಲದವರು ಮುಂದಿನ ಸ್ಟೇಷನ್ನಿನಲ್ಲಿಳಿದು ಹನ್ನೊಂದು ಮೈಲಿ ನಡೆದು ಬರಬೇಕು. ಗಂಟು ಮೊದಲೇ ಇಳಿಸಿದ್ದವರಿಗೆ ಕೈ ಬೀಸಿಕೊಂಡು ನಡೆಯುವ ಅನುಕೂಲವಿತ್ತು.

ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಾವಿಯ ನೀರು ಸವಳಿದ್ದರೆ ಅದಕ್ಕೆ ತಕ್ಕ ಬೇಳೆ ಬೇಯಿಸಿಕೊಳ್ಳುತ್ತೇವೆ, ಇದೂ ಹಾಗೇ. ಬರುವವರು ನಾಲ್ಕು ದಿನ ಮೊದಲಾದರೂ ಕಾರ್ಡು ಬರೆಯುತ್ತಿದ್ದರು. ಬಾಣಂತನ ಮುಗಿಸಿ ತವರಿನಿಂದ ಬರುವವರು ಕೂಸಿಗೆ ಹೆಸರಿಟ್ಟೇ ಗಾಡಿ ಹತ್ತಬೇಕು. ಮರೆತು ಹತ್ತಿದರೆ ತಾಯಿ ಇಳಿದು, ನಿದ್ದೆ ಮಾಡುತ್ತಿದ್ದ ಕೂಸು ಪಕ್ಕದವರ ಕೈಯಲ್ಲೇ ಉಳಿಯುತ್ತಿತ್ತು. ಆಗ ಕಿಟಕಿಯ ಹತ್ತಿರವೇ ಗಡಿಬಿಡಿಯಲ್ಲಿ ಒಂದು ಹೆಸರಿಟ್ಟು ಕೂಗುವುದು. ಮಲಗಿದ ಕೂಸಿಗೆ ಕೇಳಿಸಬೇಕೆಂದೇನೂ ಇರಲಿಲ್ಲ, ಕೂಗಿದರೆ ಸಾಕಿತ್ತು. ನಮ್ಮೂರಲ್ಲಿ ಎಂಟು ಜನ ಅವಸರದ ಸೋಮವ್ವಂದಿರು ಇರುವುದು ಹೀಗೆ. ಒಬ್ಬ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ ಕೈಕೆಳಗಿನವರೆಲ್ಲ ಹಾರ ಹಿಡಿದು ಸಾಲಾಗಿ ನಿಂತು 'ಸಾಹೇಬ್ರೇ, ಸಾಹೇಬ್ರೇ' ಎಂದರೇ ಹೊರತು ಹೆಸರು ಹಿಡಿಯುವ ಧೈರ್ಯ ಯಾರಿಗೂ ಆಗಲಿಲ್ಲ. ಸಾಹೇಬರು ಮೂರು ಸಲ ಹಾರ ನೋಡುತ್ತ ಮುಂದೆ ಹೋದರು. ಕಳ್ಳರನ್ನು ಯಾರೂ ಕೂಗುತ್ತಿರಲಿಲ್ಲವಾದ್ದರಿಂದ ಪರವೂರ ಕಳ್ಳರ ಕಾಟ ನಮಗಿರಲಿಲ್ಲ. ನಮ್ಮವರೇ ಸಾಕಾಗಿದ್ದರು. ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲಿನ ಅಕ್ಷರ ಮಳೆಬಿಸಿಲಿಗೆ ಉದುರಿಹೋದ ಮೇಲೆ ಅದನ್ನು ಮತ್ತೆ ಬರೆಸಲಿಲ್ಲ. ಇಳಿಯಬೇಕಾದವರಿಗೆ ಅವರ ಹೆಸರೇ ಕೇಳಿಸುವಾಗ ಊರಿನ ಹೆಸರು ಯಾರಿಗೆ ಬೇಕು?

ಸ್ಟೇಷನ್ ದೊಡ್ಡದೇನಲ್ಲ. ಕರೀಕಲ್ಲಿನ ಒಂದು ಕೋಣೆ, ಕೆಂಪು ಹೆಂಚು, ಎರಡು ಬೆಂಚು, ಗಂಟೆಯ ಬದಲು ತೂಗುಹಾಕಿದ ಒಂದು ತುಂಡು ಹಳಿ, ಗೋಡೆಗೆ ಆಳೆತ್ತರದ ಮರದ ಪೆಟ್ಟಿಗೆಯ ಗಡಿಯಾರ. ಎದುರಿಗೊಂದು ಮರ. ಗುಂಡುಕಲ್ಲಿನಂಥ ಕಾಯಿ ಬೊಡ್ಡೆಗೇ ಬಿಡುತ್ತದಲ್ಲ, ಹೂವನ್ನು ಶಿವನಿಗೆ ಏರಿಸುತ್ತಾರಲ್ಲ, ಆ ಮರ. ಅದರ ಹೆಸರನ್ನು ನಾನು ಹೇಳುವುದಿಲ್ಲ. ಮದುವೆಗೆ ಮುಂಚೆ ಹೇಳುತ್ತಿದ್ದೆ, ಆಮೇಲೆ 'ಬಾಗಿಲಮುಂದಿನ ಮರ' ಎನ್ನತೊಡಗಿದೆ. ನನ್ನ ಯಜಮಾನರ ಹೆಸರೂ ಅದೇ.

ತೊಡಕು ಇದ್ದದ್ದೇ ಇಲ್ಲಿ. ಗಂಡನ ಹೆಸರು ಹೆಂಡತಿ ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಊರಿನಲ್ಲಿ ಇಂಥ ಸ್ಟೇಷನ್ ಬಂದು ಕೂತಿತ್ತು. ಸಂತೆಗೆ ಹೋದ ಗಂಡ ಬಾಗಿಲಲ್ಲಿ ನಿಂತಿದ್ದಾನೆ, ಬುತ್ತಿ ಹಿಡಿದ ಹೆಂಡತಿ ಕೆಳಗೆ ನಿಂತಿದ್ದಾಳೆ, ನಡುವೆ ಒಂದು ಮೊಳ. ಏನು ಮಾಡಬೇಕು? ನಮ್ಮ ಅಜ್ಜಿಯ ಕಾಲದ ಹೆಂಗಸರು ಒಡಪು ಹಾಕುತ್ತಿದ್ದರು. ಮದುವೆ ಸೀಮಂತಗಳಲ್ಲಿ ಗಂಡನ ಹೆಸರನ್ನು ಪದ್ಯದೊಳಗೆ ಅಡಗಿಸಿ ಹೇಳುತ್ತಾರಲ್ಲ, ಹಾಗೆ. ಒಡಪಿನೊಳಗೆ ಸುತ್ತಿ ಕೊಟ್ಟ ಹೆಸರಿಗೆ ದೋಷವಿಲ್ಲ. ಗಾಡಿ ಆಗ ನಾಲ್ಕು ನಿಮಿಷ ನಿಲ್ಲುತ್ತಿತ್ತು. 'ಹಿತ್ತಲ ಚಪ್ಪರಕ ಹೀರೀಬಳ್ಳಿ ಹಬ್ಬೈತಿ, ಈರಪ್ಪರಾಯರು ಇಳಿದ್ರ ಮನಿಯಾಗ ಹಬ್ಬ ಐತಿ' ಎಂದು ಒಬ್ಬಳು ಮುಗಿಸಿದರೆ ಈರಪ್ಪರಾಯರು ಮೀಸೆಯೊಳಗೇ ನಗುತ್ತ ಇಳಿಯುವುದು, ಇನ್ನೊಬ್ಬಳು ಸೆರಗು ಸರಿಮಾಡಿಕೊಂಡು ತನ್ನದನ್ನು ಶುರು ಮಾಡುವುದು. ಒಬ್ಬಳಿಗಿಂತ ಒಬ್ಬಳದು ಉದ್ದ. ಚಂದದ ಒಡಪಿಗೆ ಗಾಡಿಯವರೂ ತಲೆದೂಗುತ್ತಿದ್ದರಂತೆ.

ಹೀಗೆ ಗಾಡಿ ದಿನವೂ ತಡವಾಗುತ್ತ ಬಂದು ಮೇಲಿನಿಂದ ಕಾಗದ ಬಂತು. ನಾಲ್ಕು ನಿಮಿಷ ಎರಡಾಯಿತು. ಎರಡು ನಿಮಿಷಕ್ಕೆ ಇಳಿದ ಮೊದಲ ದಿನಗಳಲ್ಲೇ ನಮ್ಮವ್ವ ನೀಲವ್ವ, ಹಿಂದೆ ನಿಂತ ಹೆಂಗಸರ ನೂಕಾಟದಲ್ಲಿ ಒಡಪು ಮರೆತು, ಗಾಡಿ ಹೊರಡುವುದನ್ನು ಕಂಡು ಗಾಬರಿಯಾಗಿ ಓಡುತ್ತ ಅಪ್ಪನ ಬರೀ ಹೆಸರನ್ನು ಕೂಗಿಬಿಟ್ಟಳು. ಅಪ್ಪ ಇಳಿದ. ಇಳಿದ ಇಪ್ಪತ್ತನೆಯ ದಿನಕ್ಕೆ ಹಾವು ಕಡಿದು ಸತ್ತ. ನಾನಾಗ ನಾಲ್ಕು ವರ್ಷದವಳು. ಊರು ಆಡಬಾರದ್ದನ್ನೆಲ್ಲ ಆಡಿತು. ಮೂರು ತಿಂಗಳಾದ ಮೇಲೆ ಅದೇ ಊರು ಅವ್ವನ ಬಾಗಿಲಿಗೆ ಬಂದು, 'ಇನ್ನ ನಿನಗ ಕಳಕೊಳ್ಳಾಕ ಏನೈತಿ ನೀಲವ್ವಾ? ನಮ್ಮ ಮನಿಯವರನ್ನೂ ನೀನ ಕೂಗಿ ಇಳಸು' ಎಂದು ಕೇಳಿತು. ಕೇಳಿದವರಿಗೆ ಅದು ಕ್ರೂರ ಮಾತು ಎಂದು ಅನ್ನಿಸಲೇ ಇಲ್ಲ. ಅವ್ವ ಸೀರೆ ಬದಲಿಸಿಕೊಂಡು ಸ್ಟೇಷನ್ನಿಗೆ ನಡೆದಳು. ನಮ್ಮಲ್ಲಿ ಕೂಗುವವಳು ಎಂಬ ಕೆಲಸ ಹುಟ್ಟಿದ್ದು ಹಾಗೆ.

ಅವ್ವನಿಗೆ ಎದೆನೋವು ಬಂದು ಮಲಗಿದಾಗ ನನಗೆ ಹದಿನೆಂಟು. ಕೂಗಬೇಕಾದವರ ಕಾರ್ಡುಗಳ ಕಟ್ಟನ್ನು ನನ್ನ ಕೈಗಿಟ್ಟು, 'ಊರ ಮಂದಿ ಹೆಸರೆಲ್ಲಾ ಕೂಗು ಕಾಶಿ. ನಿನ್ನ ಗಂಡಂದ ಒಂದ ನಾಲಿಗಿ ಮ್ಯಾಲ ತರಬ್ಯಾಡ. ನಾ ತಂದು ಏನಾತಂತ ನೋಡೀದಿ' ಎಂದಳು. ಆಗ ನನಗೆ ಗಂಡನೂ ಇರಲಿಲ್ಲ, ಗಂಡನ ಹೆಸರೂ ಇರಲಿಲ್ಲ. ಹೂಂ ಎಂದೆ. ಅವ್ವ ಆ ಚಳಿಗಾಲ ದಾಟಲಿಲ್ಲ.

ನನ್ನ ಯಜಮಾನರು, ಇವರು, ಬಂದದ್ದು ಮರುವರ್ಷ. ಆ ಲೈನಿನ ಹದಿನಾಲ್ಕೂ ಸ್ಟೇಷನ್ನುಗಳ ಗಡಿಯಾರಕ್ಕೆ ಕೀಲಿ ಕೊಟ್ಟು ರಿಪೇರಿ ನೋಡುವ ಕೆಲಸ. ವಾರ ಬಿಟ್ಟು ವಾರ ಮಂಗಳವಾರ ಹತ್ತೂಕಾಲರ ಗಾಡಿಗೆ ಬರುವುದಾಗಿ ಕಾರ್ಡು ಬಂದಿತ್ತು, ದುಂಡನೆಯ ಅಕ್ಷರ. ನಾನು ಎಲ್ಲರನ್ನೂ ಕೂಗುವಂತೆ ಕೂಗಿದೆ. ತೊಗಲಿನ ಚೀಲ ಹಿಡಿದ ತೆಳ್ಳನೆಯ ಮನುಷ್ಯ ಇಳಿದು, ಗಡಿಯಾರದ ಕಡೆ ಹೋಗುವುದು ಬಿಟ್ಟು, ಅಲ್ಲೇ ನನ್ನ ಮುಂದೆ ನಿಂತ.

'ಇನ್ನೊಮ್ಮೆ ಕೂಗ್ರಿ' ಎಂದ.

'ಇಳಿದೀರಲ್ಲ, ಇನ್ಯಾಕ?'

'ನನಗ ಹದಿನಾಕು ಸ್ಟೇಷನ್ ಅದಾವ. ಹದಿಮೂರರಾಗ ಯಾರೂ ಕರಿಯೂದಿಲ್ಲ. ಇಳೀತೀನಿ, ಕೀಲಿ ಕೊಡ್ತೀನಿ, ಹತ್ತತೀನಿ. ತಂದಿ ತಾಯಿ ಸಣ್ಣಾಂವಿದ್ದಾಗ ಹೋದ್ರು. ಸೋದರಮಾವ ಸಾಯೂ ತನಾ ಏ ಹುಡುಗಾ ಅಂತಿದ್ದ. ಈ ಹೆಸರು ನಂದ ಅಂತ ಇವತ್ತ ಗೊತ್ತಾತು.'

ನಾನು ನಕ್ಕೆ, ಕೂಗಲಿಲ್ಲ. ಪಾಯಿಂಟ್ಸ್‌ಮನ್ ದುರ್ಗಪ್ಪ ಹಸಿರು ಬಾವುಟ ಮಡಚುತ್ತ ನಮ್ಮಿಬ್ಬರನ್ನೂ ನೋಡಿದ. ಇವರು ಗಡಿಯಾರದ ಬಾಗಿಲು ತೆಗೆದು, ಪೆಟ್ಟಿಗೆಯ ಮೇಲೆ ಅಂಗೈಯನ್ನು ಅಗಲವಾಗಿಟ್ಟು ಕಣ್ಣು ಮುಚ್ಚಿಕೊಂಡರು. ಏನು ಮಾಡುತ್ತೀರಿ ಎಂದು ಕೇಳಿದೆ. ಬಡಿತ ಸರಿಯಿದೆಯೋ ಇಲ್ಲವೋ ನೋಡುತ್ತಿದ್ದೇನೆ ಎಂದರು. ಕಿವಿ ಇಟ್ಟರಾಗದೇ ಎಂದೆ. 'ಕಿವಿಗೆ ಗಾಡಿ ಸಪ್ಪಳಾನೂ ಕೇಳಸ್ತದ, ಮಂದಿ ಮಾತೂ ಕೇಳಸ್ತದ. ಅಂಗೈಗೆ ಇದೊಂದ' ಎಂದರು. ಗಡಿಯಾರದ ಮುಂದೆ ಇವರು ಕಣ್ಣು ಮುಚ್ಚಿ ನಿಂತ ಆ ಹೊತ್ತಿನಲ್ಲೇ ನನ್ನ ಮನಸ್ಸು ಕೈಬಿಟ್ಟು ಹೋಯಿತು. ಈಗ ಮುಚ್ಚಿಡುವುದೇನಿದೆ.

ಮೂರು ವರ್ಷ ಮಂಗಳವಾರಗಳನ್ನು ಎಣಿಸಿದೆ. ಉಳಿದವರನ್ನು ಕಾರ್ಡು ನೋಡಿ ಕೂಗುತ್ತಿದ್ದೆ, ಇವರನ್ನು ಗಾಡಿಯ ಹೊಗೆ ತಿರುವಿನಲ್ಲಿ ಕಾಣುವಾಗಲೇ ಕೂಗಲು ಗಂಟಲು ಸಿದ್ಧವಾಗುತ್ತಿತ್ತು. ದುರ್ಗಪ್ಪ ಸುಮ್ಮನಿರುವ ಆಸಾಮಿಯಲ್ಲ. 'ಏನವ್ವಾ ಕಾಶವ್ವಾ, ಉಳದವರ ಹೆಸರು ಗೇಣುದ್ದ, ಅವಂದೊಂದ ಮಾರುದ್ದ?' ಎನ್ನುತ್ತಿದ್ದ. ಕೊನೆಗೆ ಸ್ಟೇಷನ್ ಮಾಸ್ತರರ ಹೆಂಡತಿಯನ್ನು ಮುಂದೆ ಮಾಡಿಕೊಂಡು ಮದುವೆಯ ಮಾತು ಆಡಿಸಿದವನೂ ಅವನೇ. ಮದುವೆಯಲ್ಲಿ ಹೆಂಗಸರೆಲ್ಲ ಸುತ್ತ ಕೂತು, ಒಡಪು ಹೇಳು, ಗಂಡನ ಹೆಸರು ಹೇಳು ಎಂದು ಕಾಡಿದರು. ಮೂರು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ ಹೆಸರು. ಕೊರಳಿಗೆ ತಾಳಿ ಬಿದ್ದ ಆ ಗಳಿಗೆಯಿಂದ ಅದು ನನಗೆ ಅವ್ವನ ಸೆರಗಿನ ವಾಸನೆಯಾಯಿತು, ಅಪ್ಪನ ನೀಲಿಗಟ್ಟಿದ ಕಾಲಾಯಿತು. ಮುಖ ಮುಚ್ಚಿಕೊಂಡು ಎದ್ದು ಒಳಗೆ ಓಡಿದೆ. ನಾಚಿಕೆ ಎಂದುಕೊಂಡು ಎಲ್ಲರೂ ನಕ್ಕರು.

ಮದುವೆಯಾದ ಮೇಲೆ ಇವರು ಮೊದಲ ಸಲ ಕೆಲಸದ ಮೇಲೆ ಹೋಗಿ ಬರುವ ದಿನ, ಇಡೀ ಊರು ಸೇರಿ ಒಂದು ತಪ್ಪು ಮಾಡಿತು. ಕೂಗುವವಳ ಗಂಡನನ್ನು ಕೂಗಲು ಬೇರೆ ಯಾರು ಬೇಕು ಎಂದು ಎಲ್ಲರೂ ಸುಮ್ಮನಿದ್ದರು. ನಾನೋ, ಬೇರೆ ಯಾರಾದರೂ ಕೂಗೇ ಕೂಗುತ್ತಾರೆಂದು ಸೆರಗು ಹೊದ್ದು ಕಂಬದ ಪಕ್ಕ ನಿಂತಿದ್ದೆ. ಗಾಡಿ ಬಂತು, ನಾನು ಒಂಬತ್ತು ಜನರನ್ನು ಇಳಿಸಿದೆ, ಗಾಡಿ ಹೋಯಿತು. ಇವರು ಬಾಗಿಲಲ್ಲಿ ನಿಂತು ನಗುತ್ತ ನಗುತ್ತ ಮುಂದೆ ಸಾಗಿದರು. ಆಮೇಲೆ ದುರ್ಗಪ್ಪ ಹಣೆ ಹಣೆ ಬಡಿದುಕೊಂಡ. ಮಧ್ಯಾಹ್ನ ಮೂರಕ್ಕೆ ಹರಿದ ಚಪ್ಪಲಿ ಕೈಯಲ್ಲಿ ಹಿಡಿದು, ಧೂಳುಮಯವಾಗಿ, ಇನ್ನೂ ನಗುತ್ತಲೇ ಬಂದರು. ಮುಂದಿನ ಸಲದಿಂದ ದುರ್ಗಪ್ಪ ಕೂಗುವುದೆಂದು ಗೊತ್ತಾಯಿತು.

ದುರ್ಗಪ್ಪನ ದನಿ ಒಡಕು ಹಲಗೆಯ ದನಿ. ಇವರು ಇಳಿಯುತ್ತಿದ್ದರು, ಆದರೆ ಮೊದಲಿನ ಹಾಗೆ ಅಲ್ಲಿ ನಿಂತು ಸುತ್ತ ನೋಡುತ್ತಿರಲಿಲ್ಲ. ಸಂತೆಯ ಚೀಲ ಇಳಿಸಿದ ಹಾಗೆ ತಮ್ಮನ್ನು ತಾವೇ ಇಳಿಸಿಕೊಂಡು ಬರುತ್ತಿದ್ದರು. ಒಂದು ದಿನ ಉಣ್ಣುತ್ತ ಕೂತವರು ರೊಟ್ಟಿ ಮುರಿಯುವುದು ನಿಲ್ಲಿಸಿ, 'ಕಾಶೀ, ಒಮ್ಮೆ ಕೂಗು' ಎಂದರು.

'ಆಗೂದಿಲ್ರಿ. ನಮ್ಮಪ್ಪಂದು ಗೊತ್ತೈತಿ ನಿಮಗ.'

'ನಿಮ್ಮಪ್ಪಗ ಕಡಿದಿದ್ದು ಹಾವು, ನಿಮ್ಮವ್ವ ಅಲ್ಲ. ಗಡಿಯಾಳ ಕೀಲಿ ಕೊಟ್ಟಷ್ಟು ಓಡತೈತಿ. ಯಾರ ಬಾಯಿ ಮಾತಿಗೂ ಒಂದ ತಾಸು ಕಡಿಮಿ ಓಡೂದಿಲ್ಲ.'

'ನೀವು ಗಡಿಯಾಳ ಅಲ್ರಿ' ಎಂದೆ.

ಅವರು ಊಟ ಮುಗಿಸಿ ಎದ್ದರು. ನನ್ನ ಬಾಯಿಂದ ಹೆಸರು ಕೇಳಬೇಕೆಂದೇ ನನ್ನನ್ನು ಮದುವೆಯಾದ ಮನುಷ್ಯ. ಮದುವೆಯಾದದ್ದೇ ತಪ್ಪಾಗಿ ಅದೊಂದನ್ನೇ ಕಳೆದುಕೊಂಡರು. ಇದು ನನಗೆ ಆಗಲೂ ತಿಳಿದಿತ್ತು. ತಿಳಿದೂ ಬಾಯಿ ಬರಲಿಲ್ಲ. ಇವರು ಬದುಕಿರಲಿ ಎಂಬ ಆಸೆ, ಇವರು ಸಂತೋಷವಾಗಿರಲಿ ಎಂಬ ಆಸೆಗಿಂತ ದೊಡ್ಡದಾಗಿತ್ತು.

ಮದುವೆಯಾದ ಎರಡನೆಯ ವರ್ಷ ಇವರಿಗೆ ಲೈನಿನ ಕೊನೆಯ ದೊಡ್ಡ ಸ್ಟೇಷನ್ನಿಗೆ ಬದಲಿಯಾಯಿತು. ಅಲ್ಲಿ ಸಣ್ಣ ಮನೆ ಸಿಕ್ಕ ಮೇಲೆ ನನ್ನನ್ನು ಕರೆಸಿಕೊಳ್ಳುವುದೆಂದೂ, ಅಲ್ಲಿಯ ತನಕ ಮೂರು ತಿಂಗಳಿಗೊಮ್ಮೆ ಬರುವುದೆಂದೂ ಮಾತಾಯಿತು. ಮೊದಲ ಸಲ ಬರುವ ಕಾರ್ಡು ಬಂದಾಗ ನಾನೊಂದು ನಿಶ್ಚಯ ಮಾಡಿದೆ. ಬರೀ ಹೆಸರು ಆಗದಿದ್ದರೆ ಒಡಪಾದರೂ ಆದೀತು. ಹಿಟ್ಟು ನಾದುತ್ತ, ನೀರು ಸೇದುತ್ತ ಹದಿನೈದು ದಿನ ಕಟ್ಟಿದೆ. 'ಗ್ವಾಡಿ ಗಡಿಯಾಳಕ ಮುಳ್ಳ ಎರಡ, ಓಡಿ ಓಡಿ ಕೂಡತಾವ ಹನ್ನೆರಡಕ. ಕೂಡೂ ಹೊತ್ತಿಗೆ ಕಾದು ನಿಂತೀನಿ ನಾನು, ಇಳಿದು ಬರ್ರಿ' ಎಂದು ಬಂದು, ಕಟ್ಟಕಡೆಗೆ ಹೆಸರು. ಚಂದವಾಗಿತ್ತು. ಈಗಲೂ ಚಂದವೇ ಇದೆ.

ಆ ದಿನ ದುರ್ಗಪ್ಪ ಚಳಿಜ್ವರ ಬಂದು ಮಲಗಿದ್ದ. ಬದಲಿಗೆ ಬಂದವನು ಪರವೂರಿನವ, ಅವನಿಗೆ ಬಾವುಟ ಬಿಟ್ಟರೆ ಏನೂ ಗೊತ್ತಿಲ್ಲ. ನನಗೆ ಅದೇ ಒಳ್ಳೆಯದಾಯಿತು ಎನ್ನಿಸಿತು. ಅಷ್ಟು ಹೊತ್ತಿಗೆ ಗಾಡಿ ನಿಲ್ಲುವುದು ಅರ್ಧ ನಿಮಿಷಕ್ಕೆ ಬಂದಿತ್ತು. ಆರು ಜನರನ್ನು ಉಸಿರು ಕಟ್ಟಿ ಕೂಗಿ ಇಳಿಸಿ, ಇವರ ಬಾಗಿಲಿನ ಮುಂದೆ ಬಂದು ನಿಂತು ಶುರು ಮಾಡಿದೆ. ಇವರ ಮುಖ ಅರಳಿತು. ಮುಳ್ಳು ಎರಡೂ ಓಡಿದವು, ಹನ್ನೆರಡಕ್ಕೆ ಕೂಡಿದವು, ಕಾದು ನಿಂತೀನಿ ನಾನು ಎಂದೆ. ಗಾಡಿ ಹೊರಟಿತು. ನಾನು ಪಕ್ಕದಲ್ಲೇ ಓಡಿದೆ. ಇಳಿದು ಬರ್ರಿ ಎಂದೆ. ಇನ್ನುಳಿದದ್ದು ಹೆಸರೊಂದೇ. ಆದರೆ ಓಡುತ್ತ ಹೇಳಿದರೆ ಅದು ಒಡಪೋ, ಗಾಬರಿಯಲ್ಲಿ ಕೂಗಿದ ಬರೀ ಹೆಸರೋ? ಅವ್ವನೂ ಹೀಗೇ ಓಡಿದ್ದಳಲ್ಲವೆ? ಆ ಒಂದು ಯೋಚನೆಗೆ ನಾಲಿಗೆ ನಿಂತುಬಿಟ್ಟಿತು. ಪ್ಲಾಟ್‌ಫಾರ್ಮು ಮುಗಿಯಿತು.

ಇವರು ಅಂದು ನಡೆದು ಬರಲಿಲ್ಲ. ಎಂಟು ದಿನಕ್ಕೆ ಕಾರ್ಡು ಬಂತು. 'ನಾನು ಕೇಳಿದ್ದು ಒಡಪು ಅಲ್ಲ. ನೀನು ಮೊದಲು ಕೂಗುತ್ತಿದ್ದ ಹಾಗೆ ಕೂಗಿದ ದಿನ ಇಳಿಯುತ್ತೇನೆ. ದುರ್ಗಪ್ಪನಿಗೆ ತೊಂದರೆ ಕೊಡಬೇಡ.' ಕೆಳಗೆ ಮುಂದಿನ ತಾರೀಖು. ಆ ತಾರೀಖಿಗೆ ಬಂದರು. ದುರ್ಗಪ್ಪ ನನ್ನ ಮಾತು ಕೇಳದೆ ಎರಡು ಸಲ ಕೂಗಿದ. ಕೂಗಿದರೆ ಇಳಿಯಬಹುದು, ಇಳಿಯಲೇಬೇಕೆಂದಿಲ್ಲವಲ್ಲ. ಇವರು ಕೈ ಅಡ್ಡ ಆಡಿಸಿ ನನ್ನನ್ನೇ ನೋಡುತ್ತ ನಿಂತರು. ಎರಡು ವರ್ಷ ಹೀಗೆ. ಮೂರು ತಿಂಗಳಿಗೊಂದು ಕಾರ್ಡು, ಅರ್ಧ ನಿಮಿಷ ಮುಖ ನೋಡುವುದು, ಗಾಡಿ ಹೋಗುವುದು. ಒಂದು ಸಲ ನಾನು ಕೈಗೆ ಬುತ್ತಿ ಕೊಟ್ಟೆ, ತೆಗೆದುಕೊಂಡರು. ಒಂದು ಸಲ ಇಬ್ಬರೂ ಅತ್ತೆವು. ಆಮೇಲೆ ಕಾರ್ಡು ನಿಂತಿತು.

ಹಟಮಾರಿ ಎಂದು ಬೈದೆ. ಮುಂದಿನ ಸ್ಟೇಷನ್ನಿನಲ್ಲಿಳಿದು ನಡೆದು ಬರಲು ಇವರ ಕಾಲೇನು ಸವೆಯುತ್ತಿತ್ತೇ? ನಾನಾದರೂ ಯಾಕೆ ಗಾಡಿ ಹತ್ತಿ ಹೋಗಲಿಲ್ಲ ಎಂದು ದುರ್ಗಪ್ಪ ಕೇಳಿದ. ನಾನು ಹೋದರೆ ಇಲ್ಲಿ ಕೂಗುವವರು ಯಾರು ಎಂದೆ. ಅದು ನೆಪ. ಹೋದರೆ ಮೊದಲ ದಿನವೇ ಕೇಳುತ್ತಾರೆ, ನಾನು ಸೋತು ಹೇಳಿಬಿಡುತ್ತೇನೆ, ಇಪ್ಪತ್ತನೆಯ ದಿನ ಏನಾಗುತ್ತದೋ ಎಂಬ ಭಯ. ಬದುಕಿದ್ದಾರೆ, ಎಲ್ಲೋ ಇದ್ದಾರೆ, ಅದು ನಾನು ಬಾಯಿ ಕಟ್ಟಿದ್ದರಿಂದ ಎಂದುಕೊಂಡು ವರ್ಷ ನೂಕಿದೆ. ಒಂದಲ್ಲ, ಇಪ್ಪತ್ತನಾಲ್ಕು. ಗಡಿಯಾರಕ್ಕೆ ಕೀಲಿ ಕೊಡಲು ಬೇರೊಬ್ಬ ಬರತೊಡಗಿದ; ಅವನನ್ನೂ ನಾನೇ ಕೂಗಿ ಇಳಿಸಿದೆ. ಎಷ್ಟು ಜನರ ಗಂಡಂದಿರನ್ನು ಇಳಿಸಿದೆನೋ ಲೆಕ್ಕವಿಲ್ಲ. ಬುತ್ತಿ ಹಿಡಿದ ಹೆಂಗಸರು ಒಂದು ಹೆಜ್ಜೆ ಮುಂದೆ ಬಂದು, ಚೀಲ ತೆಗೆದುಕೊಂಡು, ಒಂದು ಹೆಜ್ಜೆ ಹಿಂದೆ ನಡೆಯುತ್ತ ಹೋಗುವುದನ್ನು ನೋಡುತ್ತಿದ್ದೆ. ಅವರ ಮೇಲೆ ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಡಾಂಬರು ರಸ್ತೆ ಬಂತು, ಬಸ್ಸು ಬಂತು. ಬಸ್ಸಿನಿಂದ ಯಾರು ಬೇಕಾದರೂ ಇಳಿಯಬಹುದಿತ್ತು. ಮೊದಮೊದಲು ಜನರಿಗೆ ಖುಷಿಯೋ ಖುಷಿ, ಸುಮ್ಮನೆ ಹತ್ತಿ ಸುಮ್ಮನೆ ಇಳಿದು ನೋಡಿದರು. ಕ್ರಮೇಣ ಬೀಗರು ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಲ್ಲತೊಡಗಿದರು, ಕಳ್ಳರೂ ಬಂದರು. ಮನೆ ಸೇರಿದ ಮಗನನ್ನು ತಾಯಿ 'ಯಾವಾಗ ಬಂದಿ?' ಎಂದು ಕೇಳುವ ಕಾಲ ಬಂತು. ಸ್ಟೇಷನ್ನಿಗೆ ಬರುವವರು ಕಡಿಮೆಯಾದರು. ಕೆಲವು ದಿನ ನಾನೂ ದುರ್ಗಪ್ಪನೂ ಖಾಲಿ ಗಾಡಿಯನ್ನು ನೋಡಿ ಖಾಲಿ ಗಾಡಿಯನ್ನು ಕಳಿಸುತ್ತಿದ್ದೆವು. ಇವರೂ ಬಸ್ಸಿನಲ್ಲಿ ಬರಬಹುದಿತ್ತು. ಬಸ್ ನಿಂತಾಗಲೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದೆ. ಬರಲಿಲ್ಲ.

ಈ ಲೈನು ಮುಚ್ಚುವುದೆಂದು ಕಾಗದ ಬಂದದ್ದು ಯುಗಾದಿಯ ಮುಂದೆ. ಕೊನೆಯ ಗಾಡಿಯ ತಾರೀಖು ಗೋಡೆಗೆ ಅಂಟಿಸಿದರು. ಅದಾದ ಎಂಟನೆಯ ದಿನ ಅಂಚೆಯವ ಒಂದು ಕಾರ್ಡು ತಂದ. ಮೊದಲಿನ ದುಂಡು ಅಕ್ಷರವೇ, ಸ್ವಲ್ಪ ನಡುಗಿತ್ತು. 'ಕೊನೆಯ ಗಾಡಿಗೆ ಇದ್ದೇನೆ.' ಅಷ್ಟೇ ಬರೆದಿದ್ದರು, ಕೂಗು ಎಂದೂ ಬರೆದಿರಲಿಲ್ಲ.

ಕಾರ್ಡನ್ನು ದುರ್ಗಪ್ಪನಿಗೆ ತೋರಿಸಿದೆ. ಅವನಿಗಾಗ ಎಪ್ಪತ್ತರ ಮೇಲೆ, ಕೆಲಸ ಬಿಟ್ಟು ವರ್ಷಗಳಾಗಿದ್ದರೂ ದಿನಾ ಬೆಂಚಿಗೆ ಬಂದು ಕೂರುತ್ತಿದ್ದ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, 'ಈ ಸಲ ಇಳೀಲಿಲ್ಲ ಅಂದ್ರ ಮತ್ತ ಇಳ್ಯಾಕ ಗಾಡಿ ಇಲ್ಲ ಕಾಶವ್ವಾ' ಎಂದ.

'ಕೂಗಿದ್ರ ಉಳೀತಾರೇನು?'

'ಅಂವಗೂ ಅರವತ್ತಾತು. ಇನ್ನೆಷ್ಟ ಉಳಿಸಿ ಇಡಾಕಿ? ಉಪ್ಪಿನಕಾಯೇನು, ಭರಣ್ಯಾಗ ಹಾಕಿ ಬಾಯಿ ಕಟ್ಟಾಕ?' ಅಷ್ಟು ಹೇಳಿ ತಾನೇ ಮೆತ್ತಗಾದ. 'ನಾ ಹೇಳೂದು ಹೇಳೀನಿ. ನಿಮ್ಮಪ್ಪನ್ನ ಹೊತ್ತವರಾಗ ನಾನೂ ಒಬ್ಬಾಂವ. ನಿನ್ನ ಅಂಜಿಕಿ ನನಗ ಗೊತ್ತಿಲ್ಲಂತ ಅಲ್ಲ.'

ಮನೆಗೆ ಬಂದು ಹಳೆಯ ಒಡಪನ್ನು ಹೇಳಿ ನೋಡಿದೆ. ಒಂದು ಅಕ್ಷರವೂ ಮರೆತಿರಲಿಲ್ಲ. ಕೊನೆಯ ಗಾಡಿ ಬೇಕಾದಷ್ಟು ಹೊತ್ತು ನಿಲ್ಲುತ್ತದೆಂದು ಸ್ಟೇಷನ್ ಮಾಸ್ತರರು ಹೇಳಿದ್ದರು, ಮುಂದೆ ಅದಕ್ಕೆ ತಡವಾಗುವ ಭಯವಿರಲಿಲ್ಲ. ಒಡಪು ಹೇಳಿದರೆ ದೋಷವೂ ಇಲ್ಲ, ಗಾಡಿ ಹೋಗಿಬಿಡುವ ಅಂಜಿಕೆಯೂ ಇಲ್ಲ. ಇಳಿಯುತ್ತಾರೋ ಇಲ್ಲವೋ ಅದು ಇವರ ಹಟಕ್ಕೆ ಬಿಟ್ಟದ್ದು. ಹೀಗೆ ನನಗೆ ನಾನೇ ದಾರಿ ಮಾಡಿಕೊಂಡು, ಮದುವೆಯ ಇಳಕಲ್ ಸೀರೆ ಉಟ್ಟು ಹೊರಟೆ.

ಊರಿಗೆ ಊರೇ ಬಂದಿತ್ತು. ವರ್ಷಗಳಿಂದ ಬಸ್ಸಿನಲ್ಲಿ ಓಡಾಡಿದವರೆಲ್ಲ ಹಿಂದಿನ ದಿನವೇ ಆಚೆ ಊರಿಗೆ ಹೋಗಿದ್ದರು, ಕೊನೆಯದೊಂದು ಸಲ ಕೂಗಿಸಿಕೊಂಡು ಇಳಿಯಬೇಕೆಂದು. ಗಾಡಿ ನಿಂತದ್ದೇ ಬಾಗಿಲು ಬಾಗಿಲಲ್ಲೂ ಜನ. ನಾನು ಕಾರ್ಡು ನೋಡದೆ ಕೂಗಿದೆ. ಅವಸರದ ಸೋಮವ್ವಂದಿರು ಎಂಟೂ ಜನ ಇಳಿದರು. ಮುದುಕರಿಳಿದರು, ಮಕ್ಕಳಿಳಿದರು. ಇಳಿದವರು ಹೋಗದೆ ಅಲ್ಲೇ ನಿಂತರು. ಗಾಡಿ ಖಾಲಿಯಾಯಿತು. ಕೊನೆಯ ಡಬ್ಬಿಯ ಬಾಗಿಲಲ್ಲಿ ತೊಗಲಿನ ಚೀಲ ಹಿಡಿದು ಒಬ್ಬರೇ ಉಳಿದರು.

ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಕೈ ಕಂಬಿ ಹಿಡಿದಿತ್ತು. ನನ್ನ ಬಾಯನ್ನೇ ನೋಡುತ್ತಿದ್ದರು, ಕಣ್ಣು ಕದಲಿಸದೆ. ಜನರಲ್ಲಿ ಯಾರೋ ಬಾಯಿ ತೆರೆಯಲು ಹೋದರು, ದುರ್ಗಪ್ಪ ಕೋಲೆತ್ತಿ ಸುಮ್ಮನಿರಿಸಿದ. ನಾನು ಶುರು ಮಾಡಿದೆ, ಗ್ವಾಡಿ ಗಡಿಯಾಳಕ ಮುಳ್ಳ ಎರಡ. ಅಷ್ಟು ಹೇಳಿ ಅವರ ಕಾಲು ನೋಡಿದೆ. ಆ ಎರಡು ಕಾಲಿನ ಮೇಲೆ ಇಪ್ಪತ್ತಾರು ವರ್ಷದ ನಿಲುವಿನ ದಣಿವಿತ್ತು. ನಾನು ಉಳಿಸಿಕೊಟ್ಟ ಆಯುಷ್ಯ ಇದೇ ಏನು? ಎಲ್ಲೋ ಒಂದು ಕೋಣೆಯಲ್ಲಿ ಒಬ್ಬರೇ ಉಂಡು, ಒಬ್ಬರೇ ಮಲಗಿ, ಯಾರೂ ಹೆಸರು ಹಿಡಿಯದೆ ಕಳೆದ ಇಪ್ಪತ್ತನಾಲ್ಕು ವರ್ಷವನ್ನು ಉಳಿತಾಯ ಎನ್ನಬೇಕೇ? ಎಲ್ಲ ನಾನೇ ಬಚ್ಚಿಟ್ಟೆ, ಅವರಿಗೆ ಒಂದು ದಿನವನ್ನೂ ಕೊಡಲಿಲ್ಲ ಎನ್ನಿಸಿತು. ಒಡಪನ್ನು ಅಲ್ಲಿಗೇ ಬಿಟ್ಟೆ. ಹತ್ತೊಂಬತ್ತರಲ್ಲಿ ಗಾಡಿಯ ಹೊಗೆ ಕಂಡಾಗ ಹೇಗೆ ಕೂಗುತ್ತಿದ್ದೆನೋ ಹಾಗೆ, ಮಾರುದ್ದ, ಬರೀ ಹೆಸರು ಕೂಗಿದೆ.

ಇವರು ಬೆಚ್ಚಿದರು. ತಮ್ಮ ಕಾಲನ್ನೇ ನೋಡಿಕೊಂಡರು. ಬಲಗಾಲು ಮೆಟ್ಟಿಲು ಬಿಟ್ಟು ಕೆಳಗೆ ಬಂದಿತ್ತು. ಎಡ ಅದರ ಹಿಂದೆ ಬಂತು. ಚೀಲ ಹಿಡಿದು ನನ್ನ ಮುಂದೆ ಬಂದು ನಿಂತು, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ ಕೇಳಿದರು.

'ಕರದಿ ಏನು?'

ನನಗೆ ಅರ್ಥವಾಗಲಿಲ್ಲ. ಇವರು ಕಿವಿಯ ಕಡೆ ಬೆರಳು ತೋರಿಸಿದರು. 'ಎರಡೂ ಹೋದ್ವು ಕಾಶಿ. ಎಂಜಿನ್ ಶೆಡ್ಡಿನ ಕೆಲಸಕ್ಕ ಹಾಕಿದ್ರು. ಹನ್ನೊಂದ ವರ್ಷಾತು. ಮೊದಲ ಹಟಕ್ಕ ಬರಲಿಲ್ಲ, ಕಿವಿ ಹೋದ ಮ್ಯಾಲ ಬಂದು ಏನು ಮಾಡೂದಂತ ಬಿಟ್ಟಿದ್ದೆ. ಗಾಡಿನ ಬಂದ್ ಆಗತೈತಿ ಅಂದಾಗ ತಡಕೊಳ್ಳಾಕ ಆಗಲಿಲ್ಲ.' ಮತ್ತೆ ಕಾಲು ನೋಡಿಕೊಂಡರು. 'ಎತ್ತಿ ಎತ್ತಿ ನೋಡತಿದ್ದೆ, ಕಾಲು ಇಳೀತು, ಅದಕ್ಕ ಯಾರೋ ಕರದಾರ ಅಂತ ತಿಳೀತು. ನಿನ್ನ ಬಾಯಿ ಮೊದಲ ಸಣ್ಣಗ ಆಡಿತು, ಆಮ್ಯಾಲ ಅಗಲ ತೆರೀತು. ಒಡಪೇನು? ಬರೀ ಹೆಸರೇನು?'

ಇಷ್ಟು ವರ್ಷ ಕಾದು, ಕೇಳಬೇಕಾದ ಹೊತ್ತಿಗೆ ಕಿವಿಯನ್ನು ಎಲ್ಲೋ ಕಳೆದುಕೊಂಡು ಬಂದು ನಿಂತ ಮನುಷ್ಯನಿಗೆ ನಾನು ಯಾವ ಬಾಯಲ್ಲಿ ಉತ್ತರ ಹೇಳಲಿ? ಹೂಂ ಎಂದರೂ ಕೇಳದು, ಅತ್ತರೂ ಕೇಳದು. ಸ್ಟೇಷನ್ನಿನ ಒಳಗೆ ಆಳೆತ್ತರದ ಗಡಿಯಾರ ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದ ಹುಡುಗ ನೆನಪಾದ.

ಚೀಲ ತೆಗೆದು ಬೆಂಚಿನ ಮೇಲಿಟ್ಟೆ. ಊರೆಲ್ಲ ನೋಡುತ್ತಿದೆ ಎಂಬುದು ಗೊತ್ತಿತ್ತು. ಇವರ ಬಲಗೈ ಹಿಡಿದುಕೊಂಡು, ಅಂಗೈ ಬಿಡಿಸಿ, ತಾಳಿಯ ಮೇಲ್ಭಾಗದಲ್ಲಿ ನನ್ನ ಗಂಟಲಿಗೆ ಅಗಲವಾಗಿ ಒತ್ತಿಟ್ಟುಕೊಂಡೆ. ಹೆಂಗಸರು ಒಬ್ಬೊಬ್ಬರಾಗಿ ಆ ಕಡೆ ಮುಖ ತಿರುಗಿಸಿದರು. ಇವರು ಕಣ್ಣು ಮುಚ್ಚಿದರು. ಇಪ್ಪತ್ತನೆಯ ದಿನ ಬಂದರೆ ಬರಲಿ, ಅಲ್ಲಿಯ ತನಕ ಹತ್ತೊಂಬತ್ತು ದಿನ ಇವೆಯಲ್ಲ ಎಂದುಕೊಂಡು, ಇನ್ನೊಮ್ಮೆ ಕೂಗಿದೆ.

'ನಾಗಲಿಂಗಾ.'